ಹೆಸರು ಅದೇ, ಗಾತ್ರ ಬೇರೆ: ನ್ಯಾನೊ ಪದಾರ್ಥದ ಹಿಂದೆ ಕಾನೂನು ನಡೆದು ಬಂದ ದಾರಿ

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ನ್ಯಾನೊ ಯೂರಿಯಾ ಹೊಡೀಬೇಕೋ ಬೇಡವೋ ಅಂತ ಸುಮಾರು ಜನ ಕೇಳ್ತಾ ಇರ್ತಾರೆ. ನನಗೆ ಅದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ. ಈ ಬಾಟ್ಲಿ ನಮ್ಮ ಕೈಗೆ ಬರೋ ಮೊದಲು ಅದನ್ನ ಯಾವ ಕಾನೂನು ತಡೆದು ನಿಲ್ಲಿಸಿ ನೋಡಿತು? ಏನಂತ ನೋಡಿತು? ಇದನ್ನ ಹುಡುಕ್ತಾ ಹೋದರೆ ಕಥೆ ನಮ್ಮ ಸೊಸೈಟಿಯಿಂದ ಶುರುವಾಗಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆವರೆಗೂ ಹೋಗುತ್ತೆ.

ಮೊದಲು ಒಂದು ಲೆಕ್ಕ. ಯೂರಿಯಾ ಚೀಲ 45 ಕೆ.ಜಿ., ಅದರಲ್ಲಿ ಸಾರಜನಕ ಶೇ. 46. ಅಂದ್ರೆ ಚೀಲಕ್ಕೆ 20.7 ಕೆ.ಜಿ. ಸಾರಜನಕ. 2021ರಲ್ಲಿ ಇಫ್ಕೊ ತಂದ ನ್ಯಾನೊ ಯೂರಿಯಾ ಬಾಟ್ಲಿ 500 ಮಿ.ಲೀ., ಅದರಲ್ಲಿ ಸಾರಜನಕ ಶೇ. 4. ಅಂದ್ರೆ ಬಾಟ್ಲಿಗೆ 20 ಗ್ರಾಂ. ಚೀಲಕ್ಕೂ ಬಾಟ್ಲಿಗೂ ಸಾವಿರ ಪಟ್ಟು ವ್ಯತ್ಯಾಸ. ಆದರೂ ಒಂದು ಬಾಟ್ಲಿ ಒಂದು ಚೀಲಕ್ಕೆ ಸಮ ಅಂತ ಪ್ರಚಾರ ಆಯ್ತು. ಚೀಲದ ಯೂರಿಯಾ ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಹೋಗುತ್ತೆ, ನೀರಿಗೆ ಇಳಿಯುತ್ತೆ, ನಿಜ. ಮೂರನೇ ಒಂದು ಪಾಲು ಮಾತ್ರ ಪೈರಿಗೆ ದಕ್ಕಿತು ಅಂದುಕೊಂಡರೂ ಸುಮಾರು 7 ಕೆ.ಜಿ. ಆಗುತ್ತೆ. 20 ಗ್ರಾಂ ಅದಕ್ಕೆ ಹೇಗೆ ಸಮ? ಕಂಪನಿಯ ಉತ್ತರ ಒಂದೇ: ಗಾತ್ರ. ಕಣ 20ರಿಂದ 50 ನ್ಯಾನೊಮೀಟರ್ ಇದೆ, ಎಲೆಯ ರಂಧ್ರದಿಂದ ನೇರ ಒಳಗೆ ಹೋಗುತ್ತೆ, ಇದರ ಕೆಲಸವೇ ಬೇರೆ ಅಂತ.

ಅಂದ್ರೆ ಎಲ್ಲಾ ನಿಂತಿರೋದು ಗಾತ್ರದ ಮೇಲೆ. ಹೆಸರು ಯೂರಿಯಾ, ಗಾತ್ರ ಬೇರೆ. ಹಾಗಾದ್ರೆ ಕಾನೂನಿನ ಕಣ್ಣಿಗೆ ಇದು ಹಳೇ ವಸ್ತುವೋ ಹೊಸ ವಸ್ತುವೋ? ಕಳೆದ ಇಪ್ಪತ್ತು ವರ್ಷ ದೊಡ್ಡ ದೊಡ್ಡ ದೇಶಗಳು ಜಗಳ ಆಡಿದ್ದು ಇದೇ ಒಂದು ಪ್ರಶ್ನೆ ಮೇಲೆ.

ಗಾತ್ರ ಕಮ್ಮಿಯಾದರೆ ಗುಣ ಯಾಕೆ ಬದಲಾಗುತ್ತೆ

ಒಂದು ಮೀಟರನ್ನ 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಕೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ. ಬೆಲ್ಲದ ಅಚ್ಚನ್ನ ಹಾಗೇ ನೀರಿಗೆ ಹಾಕಿದರೆ ಕರಗೋಕೆ ಹೊತ್ತು ಬೇಕು, ಕುಟ್ಟಿ ಹಾಕಿದರೆ ತಕ್ಷಣ ಕರಗುತ್ತೆ. ತೂಕ ಅಷ್ಟೇ, ಆದರೆ ನೀರಿಗೆ ತಾಗುವ ಮೈ ಜಾಸ್ತಿ ಆಯ್ತು. ನ್ಯಾನೊ ಮಟ್ಟಕ್ಕೆ ಹೋದರೆ ಈ ಮೈ ಸಾವಿರಾರು ಪಟ್ಟು ಹೆಚ್ಚುತ್ತೆ, ಬಣ್ಣ ಮತ್ತು ಗುಣವೂ ಬದಲಾಗುತ್ತೆ. ಚಿನ್ನ ಹಳದಿ ಅಂತ ನಾವು ತಿಳಿದಿದ್ದೀವಿ, ನ್ಯಾನೊ ಕಣ ಆದರೆ ಅದು ಕೆಂಪಗೆ ಕಾಣುತ್ತೆ.

1959ರಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಷ್ಟು ಸಣ್ಣ ಮಟ್ಟದಲ್ಲೂ ಕೆಲಸ ಮಾಡಬಹುದು ಅಂತ ಒಂದು ಭಾಷಣದಲ್ಲಿ ಹೇಳಿದ್ದರು. 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ಅದಕ್ಕೆ ನ್ಯಾನೊ ತಂತ್ರಜ್ಞಾನ ಅಂತ ಹೆಸರಿಟ್ಟರು. 2000ದ ಹೊತ್ತಿಗೆ ಅದು ಬಣ್ಣ, ಕ್ರೀಮು, ಬಟ್ಟೆ, ಟೈರು ಎಲ್ಲದರ ಒಳಗೂ ಬಂದಿತ್ತು. ಕಾನೂನು ಮಾತ್ರ ಇನ್ನೂ ತಕ್ಕಡಿ ಹಿಡಿದುಕೊಂಡೇ ಕೂತಿತ್ತು. ರಾಸಾಯನಿಕದ ಕಾನೂನುಗಳೆಲ್ಲ ಎರಡೇ ವಿಷಯ ಕೇಳ್ತಿದ್ದವು: ಹೆಸರೇನು, ತೂಕ ಎಷ್ಟು?

ಕಲ್ನಾರು ಕಲಿಸಿದ ಪಾಠ

ಸಣ್ಣ ಕಣದ ಬಗ್ಗೆ ಯಾಕೆ ಹೆದರಿದರು ಅಂದ್ರೆ ಅವರಿಗೆ ಕಲ್ನಾರಿನ ನೆನಪಿತ್ತು. ನಮ್ಮ ದನದ ಕೊಟ್ಟಿಗೆ ಮೇಲೆ ಹಾಕ್ತೀವಲ್ಲ ಆಸ್‌ಬೆಸ್ಟಾಸ್ ಶೀಟು, ಅದೇ ಕಲ್ನಾರು. ಅದರ ಧೂಳು ಕೆಲಸಗಾರರ ಎದೆಗೆ ಕೆಟ್ಟದ್ದು ಅಂತ ಬ್ರಿಟನ್ನಿನ ಕಾರ್ಖಾನೆ ಇನ್‌ಸ್ಪೆಕ್ಟರ್ ಲೂಸಿ ಡೀನ್ ಅನ್ನೋ ಹೆಣ್ಣುಮಗಳು 1898ರಲ್ಲೇ ವರದಿ ಬರೆದಿದ್ದರು. ಬ್ರಿಟನ್ ಅದನ್ನ ಪೂರ್ತಿ ನಿಷೇಧ ಮಾಡಿದ್ದು 1999ರಲ್ಲಿ. ನಡುವೆ ನೂರು ವರ್ಷ, ಲೆಕ್ಕ ಇಲ್ಲದಷ್ಟು ಸಾವು.

ಫ್ರಾನ್ಸ್ 1997ರ ಜನವರಿ 1ರಿಂದ ಕಲ್ನಾರು ನಿಲ್ಲಿಸಿತು. ಕೆನಡಾದಲ್ಲಿ ಕಲ್ನಾರಿನ ಗಣಿಗಳಿದ್ದವು. ಅದು ಸುಮ್ಮನೆ ಕೂರಲಿಲ್ಲ. 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಅದರ ವಾದ ಹೀಗಿತ್ತು: ಕಲ್ನಾರು ಹಾಕಿದ ಸಿಮೆಂಟ್ ಶೀಟೂ ಒಂದೇ, ಬೇರೆ ನಾರು ಹಾಕಿದ ಶೀಟೂ ಒಂದೇ, ಎರಡರ ಕೆಲಸ ಮಾಡಿಗೆ ಹೊದಿಸೋದು. ಒಂದೇ ಥರದ ಎರಡು ಸರಕಿಗೆ ಬೇರೆ ಬೇರೆ ನ್ಯಾಯ ಮಾಡೋ ಹಾಗಿಲ್ಲ ಅಂತ ವ್ಯಾಪಾರದ ಒಪ್ಪಂದ ಹೇಳುತ್ತೆ. ಮೊದಲ ಹಂತದ ಸಮಿತಿ "ಎರಡೂ ಒಂದೇ ಥರದ ಸರಕು, ಆದರೆ ಜನರ ಆರೋಗ್ಯಕ್ಕಾಗಿ ನಿಷೇಧ ಮಾಡಬಹುದು" ಅಂತ ಅಂದಿತು. 2001ರ ಮಾರ್ಚ್‌ನಲ್ಲಿ ಮೇಲ್ಮನವಿ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಎರಡು ಸರಕು ಒಂದೇ ಥರದ್ದೋ ಅಲ್ಲವೋ ಅಂತ ನೋಡುವಾಗಲೇ ಅದರಿಂದ ಆರೋಗ್ಯಕ್ಕೆ ಆಗುವ ಅಪಾಯವನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಹೇಳಿತು.

ಈ ತೀರ್ಪಿನಲ್ಲಿ ನ್ಯಾನೊ ಅನ್ನೋ ಪದ ಇಲ್ಲ. ಆದರೆ "ಹೆಸರು ಒಂದೇ, ಬಳಕೆ ಒಂದೇ, ಹಾಗಾಗಿ ಸರಕೂ ಒಂದೇ" ಅನ್ನೋ ವಾದಕ್ಕೆ ಅಲ್ಲಿ ಮೊದಲ ಪೆಟ್ಟು ಬಿತ್ತು.

2004ರಿಂದ 2008: ಹಳೇದೋ ಹೊಸದೋ

2004ರ ಜುಲೈನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಸೇರಿ, ಸರಕಾರ ಕೇಳಿದ್ದಕ್ಕೆ ಒಂದು ವರದಿ ಕೊಟ್ಟವು. ಅದರ ಒಂದು ಶಿಫಾರಸು ಮುಖ್ಯ: ಹಳೇ ರಾಸಾಯನಿಕವನ್ನ ನ್ಯಾನೊ ಕಣ ಮಾಡಿದರೆ ಕಾನೂನು ಅದನ್ನ ಹೊಸ ರಾಸಾಯನಿಕ ಅಂತಲೇ ನೋಡಬೇಕು.

2006ರಲ್ಲಿ ಜರ್ಮನಿಯಲ್ಲಿ ಒಂದು ಗಲಾಟೆ ಆಯ್ತು. ಬಚ್ಚಲು ತೊಳೆಯೋ ಒಂದು ಸ್ಪ್ರೇ, ಹೆಸರು "ಮ್ಯಾಜಿಕ್ ನ್ಯಾನೊ". ಅದನ್ನ ಹೊಡೆದ ಸುಮಾರು ನೂರು ಜನಕ್ಕೆ ಉಸಿರಾಟದ ತೊಂದರೆ ಬಂತು, ಕೆಲವರು ಆಸ್ಪತ್ರೆ ಸೇರಿದರು. ನ್ಯಾನೊ ಅಂದ್ರೆ ವಿಷ ಅಂತ ಸುದ್ದಿ ಹರಡಿತು. ಕೊನೆಗೆ ಪರೀಕ್ಷೆ ಮಾಡಿದರೆ ಅದರಲ್ಲಿ ನ್ಯಾನೊ ಕಣವೇ ಇರಲಿಲ್ಲ! ನ್ಯಾನೊ ಅನ್ನೋ ಹೆಸರು ಬರೀ ಮಾರಾಟಕ್ಕೆ. ಆ ಪದವನ್ನ ಯಾರು ಬೇಕಾದರೂ ಡಬ್ಬಿ ಮೇಲೆ ಬರಕೊಳ್ಳಬಹುದಿತ್ತು, ನಿಜವಾಗಿ ನ್ಯಾನೊ ಇದ್ದವರು ಬರೆಯದೇ ಇರಬಹುದಿತ್ತು. ಕೇಳೋಕೆ ಕಾನೂನು ಇರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ಬಟ್ಟೆ ಒಗೆಯೋ ಮಿಷನ್ನಿನ ಕಥೆ. ಬೆಳ್ಳಿಯನ್ನ ನೀರಿಗೆ ಬಿಟ್ಟು ಸೂಕ್ಷ್ಮಜೀವಿ ಕೊಲ್ಲುತ್ತೆ ಅಂತ ಒಂದು ಮಿಷನ್ ಮಾರಾಟಕ್ಕೆ ಬಂತು. ಕೊಳಚೆ ನೀರು ಶುದ್ಧ ಮಾಡೋ ಘಟಕದವರಿಗೆ ಗಾಬರಿ. ಅವರ ಕೆಲಸ ನಡೆಯೋದೇ ಸೂಕ್ಷ್ಮಜೀವಿಗಳಿಂದ, ನಮ್ಮ ತಿಪ್ಪೆ ಗೊಬ್ಬರ ಆಗೋ ಹಾಗೆ. ಅಲ್ಲಿನ ಪರಿಸರ ಸಂಸ್ಥೆ ಮೊದಲು ಇದು ಬರೀ ಯಂತ್ರ ಅಂತ ಬಿಟ್ಟಿತ್ತು. ಆಮೇಲೆ ನಿಲುವು ಬದಲಿಸಿ, ಜೀವಿ ಕೊಲ್ಲೋಕೆ ಬೆಳ್ಳಿ ಬಿಡುತ್ತೆ ಅಂದಮೇಲೆ ಕೀಟನಾಶಕದ ಕಾನೂನಿನಡಿ ನೋಂದಣಿ ಬೇಕು ಅಂತ 2007ರಲ್ಲಿ ಪ್ರಕಟಣೆ ಹೊರಡಿಸಿತು.

ಆದರೆ ಅದೇ ಸಂಸ್ಥೆ 2008ರ ಜನವರಿಯಲ್ಲಿ ಕೈಗಾರಿಕಾ ರಾಸಾಯನಿಕಗಳ ವಿಷಯಕ್ಕೆ ಬಂದಾಗ ಉಲ್ಟಾ ಹೇಳಿತು. ಅಣುವಿನ ರಚನೆ ಅದೇ ಇದ್ದರೆ, ಕಣ ಎಷ್ಟೇ ಸಣ್ಣದಿರಲಿ, ಪಟ್ಟಿಯಲ್ಲಿ ಈಗಾಗಲೇ ಇರುವ ಹಳೇ ವಸ್ತು ಅಂತಲೇ ಲೆಕ್ಕ. ಹೊಸ ಪರೀಕ್ಷೆಗೆ ಕಾನೂನಿನ ಒತ್ತಾಯ ಇಲ್ಲ. ಅದೇ ವರ್ಷ ಎಡಿನ್‌ಬರೊದ ವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯ್ತು: ಉದ್ದನೆಯ ಕಾರ್ಬನ್ ನ್ಯಾನೊ ಕೊಳವೆಗಳು ದೇಹದೊಳಗೆ ಕಲ್ನಾರಿನ ಹಾಗೇ ಉರಿಯೂತ ತಂದವು. ಇದ್ದಿಲೂ ಕಾರ್ಬನ್ನೇ, ಪೆನ್ಸಿಲ್ ಕಡ್ಡಿಯೂ ಕಾರ್ಬನ್ನೇ. ಎರಡನ್ನೂ ನಾವು ಚಿಕ್ಕಂದಿನಿಂದ ಮುಟ್ಟಿದ್ದೀವಿ, ಏನೂ ಆಗಿಲ್ಲ. ಹೆಸರು ನೋಡಿ ನಂಬಿದರೆ ಏನಾಗುತ್ತೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಅಮೆರಿಕ ಕೊನೆಗೆ 2017ರಲ್ಲಿ, ನ್ಯಾನೊ ರೂಪದಲ್ಲಿ ತಯಾರಿಸೋರು ಮಾಹಿತಿ ಕೊಡಲೇಬೇಕು ಅಂತ ನಿಯಮ ತಂತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಚಾಲಾಕಿ ಇದೆ. ಪೇಟೆಂಟ್ ಕಚೇರಿಗೆ ಹೋದಾಗ "ಇದು ಪ್ರಪಂಚದಲ್ಲಿ ಇಲ್ಲದ ಹೊಸ ವಸ್ತು" ಅಂತಾರೆ. ಸುರಕ್ಷತೆ ಕಚೇರಿಗೆ ಹೋದಾಗ "ಹಳೇದೇ ಸ್ವಾಮಿ, ಎಲ್ಲರಿಗೂ ಗೊತ್ತಿರೋದು" ಅಂತಾರೆ. ಒಂದೇ ಎತ್ತನ್ನ ಸಂತೆಯಲ್ಲಿ ಎರಡು ಹಲ್ಲು ಅಂತ ಮಾರಿ, ತೆರಿಗೆಯವನ ಮುಂದೆ ಮುದಿ ಎತ್ತು ಅಂದ ಹಾಗೆ.

ತೂಗೋದು ಬಿಟ್ಟು ಎಣಿಸಲು ಶುರು ಮಾಡಿದರು

ಯೂರೋಪಿನ ದೊಡ್ಡ ರಾಸಾಯನಿಕ ಕಾನೂನು ರೀಚ್ 2007ರಲ್ಲಿ ಜಾರಿಗೆ ಬಂತು. ವರ್ಷಕ್ಕೆ ಒಂದು ಟನ್ ಮೇಲೆ ತಯಾರಿಸಿದರೆ ಅಥವಾ ತರಿಸಿಕೊಂಡರೆ ನೋಂದಣಿ ಮಾಡಿಸಬೇಕು. ನ್ಯಾನೊಗೆ ಈ ಲೆಕ್ಕ ಹೊಂದಲ್ಲ, ಯಾಕಂದ್ರೆ ಅದರ ಒಂದು ಕೆ.ಜಿ.ಯೇ ಬಹಳ. ಫ್ರಾನ್ಸ್ ಕಾಯಲಿಲ್ಲ. 2013ರಿಂದ ತನ್ನದೇ ಒಂದು ದಾಖಲೆ ಪುಸ್ತಕ ತೆರೆಯಿತು: ವರ್ಷಕ್ಕೆ 100 ಗ್ರಾಂ ನ್ಯಾನೊ ಪದಾರ್ಥ ಮಾಡಿದರೂ, ತರಿಸಿದರೂ, ಹಂಚಿದರೂ ಸರಕಾರಕ್ಕೆ ತಿಳಿಸಬೇಕು. ಒಂದು ಟನ್ ಎಲ್ಲಿ, 100 ಗ್ರಾಂ ಎಲ್ಲಿ!

ಅದಕ್ಕೂ ಮೊದಲು, 2011ರ ಅಕ್ಟೋಬರ್‌ನಲ್ಲಿ, ಯೂರೋಪಿಯನ್ ಕಮಿಷನ್ ನ್ಯಾನೊ ಅಂದ್ರೆ ಏನು ಅಂತ ಒಂದು ವ್ಯಾಖ್ಯೆ ಕೊಟ್ಟಿತ್ತು. ಕಣಗಳನ್ನ ಎಣಿಸಿದಾಗ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಣ 1ರಿಂದ 100 ನ್ಯಾನೊಮೀಟರ್ ಒಳಗಿದ್ದರೆ ಅದು ನ್ಯಾನೊ ಪದಾರ್ಥ. ನೋಡಿ, ತೂಕದಲ್ಲಿ ಅರ್ಧ ಅನ್ನಲಿಲ್ಲ, ಎಣಿಕೆಯಲ್ಲಿ ಅರ್ಧ ಅಂದರು. ರಾಗಿ ರಾಶಿಯಲ್ಲಿ ಹತ್ತು ಕುಂಬಳಕಾಯಿ ಇದ್ದರೆ ತೂಕಕ್ಕೆ ಕುಂಬಳ ಗೆಲ್ಲಬಹುದು, ಎಣಿಕೆಗೆ ರಾಗಿನೇ ಗೆಲ್ಲೋದು. ಒಂದು ಪದ ಬದಲಾಯಿಸಿದ್ದಕ್ಕೆ ಕಾನೂನಿನ ತಕ್ಕಡಿಯೇ ಬದಲಾಯ್ತು.

2013ರ ಜುಲೈನಿಂದ ಅಲ್ಲಿ ಕ್ರೀಮು, ಪೌಡರ್‌ಗಳ ಮೇಲೆ ನ್ಯಾನೊ ರೂಪದ ಪದಾರ್ಥ ಇದ್ದರೆ ಅದರ ಹೆಸರಿನ ಪಕ್ಕ "ನ್ಯಾನೊ" ಅಂತ ಬರೆಯಲೇಬೇಕು. 2014ರ ಡಿಸೆಂಬರ್‌ನಿಂದ ಆಹಾರದ ಪೊಟ್ಟಣಕ್ಕೂ ಅದೇ ನಿಯಮ. 2020ರ ಜನವರಿಯಿಂದ ರೀಚ್ ಕಾನೂನಿಗೂ ತಿದ್ದುಪಡಿ ಬಂತು: ಒಂದೇ ಹೆಸರಿನ ವಸ್ತುವಾದರೂ ನ್ಯಾನೊ ರೂಪಕ್ಕೆ ಬೇರೆ ಮಾಹಿತಿ ಕೊಡಬೇಕು. 2004ರಲ್ಲಿ ರಾಯಲ್ ಸೊಸೈಟಿ ಕೊಟ್ಟ ಸಲಹೆ ಕಾನೂನಿನ ಪುಸ್ತಕ ಸೇರೋಕೆ ಹದಿನೈದು ವರ್ಷ ಹಿಡೀತು.

ಸಿಹಿ ತಿಂಡಿಗೆ ಬಿಳಿ ಬಣ್ಣ ಕೊಡೋ ಟೈಟಾನಿಯಂ ಡೈಆಕ್ಸೈಡ್ ಕೂಡ ಇದೇ ದಾರಿಯಲ್ಲಿ ಸಿಕ್ಕಿಬಿತ್ತು. ಅದರಲ್ಲಿ ಒಂದು ಪಾಲು ನ್ಯಾನೊ ಕಣ ಇರುತ್ತೆ. ಫ್ರಾನ್ಸ್ 2020ರಲ್ಲಿ ಆಹಾರದಲ್ಲಿ ಅದನ್ನ ನಿಲ್ಲಿಸಿತು. 2021ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಇದು ಸುರಕ್ಷಿತ ಅಂತ ಇನ್ನು ಹೇಳೋಕಾಗಲ್ಲ ಅಂದಿತು. 2022ರಲ್ಲಿ ಇಡೀ ಯೂರೋಪಿನ ಆಹಾರದಲ್ಲಿ ನಿಷೇಧ ಆಯ್ತು.

ಗೇಟು ಹಾಕೋಕೆ ಸಾಕ್ಷಿ ಬೇಕು

ಒಂದು ದೇಶ ಹೀಗೆ ನಿಷೇಧ ಮಾಡಿದರೆ ಸರಕು ಕಳಿಸೋ ದೇಶ ಸುಮ್ಮನಿರುತ್ತಾ? ಇಲ್ಲಿ ಪರಿಸರದ ಕಾನೂನಿಗೂ ವ್ಯಾಪಾರದ ಕಾನೂನಿಗೂ ಡಿಕ್ಕಿ. ಪರಿಸರದ ಕಡೆಯವರ ಆಧಾರ 1992ರ ರಿಯೊ ಘೋಷಣೆ: ದೊಡ್ಡ ಹಾನಿಯ ಭಯ ಇದ್ದಾಗ, ಪೂರ್ತಿ ವೈಜ್ಞಾನಿಕ ಖಾತ್ರಿ ಇಲ್ಲ ಅನ್ನೋ ನೆಪದಲ್ಲಿ ಕ್ರಮವನ್ನ ಮುಂದೂಡಬಾರದು. ವ್ಯಾಪಾರದ ಕಡೆಯವರ ಆಧಾರ 1995ರ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳು: ಆಹಾರ, ಗಿಡ, ಪ್ರಾಣಿಗಳ ಆರೋಗ್ಯದ ಹೆಸರಲ್ಲಿ ತಡೆ ಹಾಕಬೇಕಾದರೆ ವೈಜ್ಞಾನಿಕ ಆಧಾರ ತೋರಿಸಿ. ಆಧಾರ ಸಾಲದಿದ್ದರೆ ತಾತ್ಕಾಲಿಕವಾಗಿ ತಡೆಯಬಹುದು, ಆದರೆ ಮಾಹಿತಿ ಹುಡುಕಬೇಕು, ಸಕಾಲದಲ್ಲಿ ಮತ್ತೆ ಪರಿಶೀಲಿಸಬೇಕು.

ಇದರ ಬಿಸಿ ಯೂರೋಪಿಗೆ ಕುಲಾಂತರಿ ಬೆಳೆ ವಿಷಯದಲ್ಲಿ ತಟ್ಟಿತ್ತು. 2003ರಲ್ಲಿ ಅಮೆರಿಕ, ಕೆನಡಾ, ಅರ್ಜೆಂಟೀನಾ ಸೇರಿ ದೂರು ಕೊಟ್ಟವು. ಅರ್ಜಿಗಳನ್ನ ವರ್ಷಗಟ್ಟಲೆ ಇಟ್ಟುಕೊಂಡು ಕೂತಿದ್ದು ತಪ್ಪು ಅಂತ 2006ರಲ್ಲಿ ತೀರ್ಮಾನ ಆಯ್ತು. ಕುಲಾಂತರಿ ಸುರಕ್ಷಿತವೋ ಅಲ್ಲವೋ ಅನ್ನೋದನ್ನ ಸಮಿತಿ ಹೇಳಲೇ ಇಲ್ಲ. ನ್ಯಾನೊ ಹೆಸರಲ್ಲಿ ಇವತ್ತಿನವರೆಗೂ ಅಲ್ಲಿ ಒಂದು ದಾವೆಯೂ ಬಂದಿಲ್ಲ. ಯೂರೋಪು ಹೆಚ್ಚಾಗಿ ಲೇಬಲ್ಲು, ದಾಖಲೆ, ಬೇರೆ ಪರೀಕ್ಷೆಯ ದಾರಿ ಹಿಡಿದಿದ್ದಕ್ಕೆ ಈ ಅನುಭವವೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ. ಗೇಟು ಮುಚ್ಚೋದಕ್ಕಿಂತ ಗೇಟಿನಲ್ಲಿ ಒಬ್ಬ ಲೆಕ್ಕ ಬರೆಯೋನನ್ನ ಕೂರಿಸೋದು ಸುಲಭ.

ಇದು ದೂರದ ದೇಶದ ಜಗಳ ಅನ್ನಬೇಡಿ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿಯನ್ನ ಯೂರೋಪಿನಲ್ಲಿ ತಿರಸ್ಕಾರ ಮಾಡಿದರು. ಕಾರಣ, ಬಳ್ಳಿಯ ಬೆಳವಣಿಗೆ ಹಿಡಿಯೋಕೆ ಹೊಡೆಯೋ ಕ್ಲೋರ್‌ಮೆಕ್ವಾಟ್ ಕ್ಲೋರೈಡಿನ ಉಳಿಕೆ. ಆಗ ಹೆಚ್ಚು ಪೆಟ್ಟು ತಿಂದದ್ದು ಮಹಾರಾಷ್ಟ್ರದ ಬೆಳೆಗಾರರು. ಔಷಧಿ ಮಾಡಿದವನಿಗೆ ಏನೂ ಆಗಲಿಲ್ಲ, ಹಣ್ಣು ಬೆಳೆದವನ ಕೈ ಸುಟ್ಟಿತು. ನಾಳೆ ಹೊರದೇಶದ ಖರೀದಿದಾರ ನ್ಯಾನೊ ಬಗ್ಗೆ ಪ್ರಶ್ನೆ ಹಾಕಿದರೆ ಉತ್ತರ ಕೊಡಬೇಕಾದವನೂ ಬೆಳೆದವನೇ.

ನಮ್ಮ ದೇಶದ ಕಥೆ

ನಮ್ಮಲ್ಲಿ ಬಲವಾದ ಕಾನೂನು ಇಲ್ಲ ಅಂತಲ್ಲ. ಭೋಪಾಲದ ದುರಂತ ಆದಮೇಲೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅಪಾಯಕಾರಿ ವಸ್ತು ಯಾವುದು ಅಂತ ಹೇಳುವಾಗ ರಾಸಾಯನಿಕ ಗುಣದ ಜೊತೆ ಭೌತಿಕ-ರಾಸಾಯನಿಕ ಗುಣವನ್ನೂ ಸೇರಿಸಿದೆ. ಗಾತ್ರವನ್ನ ಇದರೊಳಗೆ ತರಬಹುದು. 1996ರಲ್ಲಿ ವೆಲ್ಲೂರಿನ ಚರ್ಮ ಹದ ಮಾಡೋ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮುನ್ನೆಚ್ಚರಿಕೆಯ ತತ್ವ ನಮ್ಮ ದೇಶದ ಕಾನೂನಿನ ಭಾಗ ಅಂತ ಹೇಳಿತು. ಹಾನಿ ಇಲ್ಲ ಅಂತ ತೋರಿಸೋ ಹೊಣೆ ಉದ್ಯಮದವನದು ಅಂತಲೂ ಹೇಳಿತು. ಆ ಕಾರ್ಖಾನೆಗಳು ಕೆಡಿಸಿದ ಪಾಲಾರ್ ನದಿ ಹುಟ್ಟೋದು ನಮ್ಮ ನಂದಿ ಬೆಟ್ಟದ ಕಡೆ.

2007ರಲ್ಲಿ ಕೇಂದ್ರ ಸರಕಾರ ನ್ಯಾನೊ ಮಿಷನ್ ಶುರು ಮಾಡಿತು. ಅದರ ಮುಂದಾಳು ನಮ್ಮ ಬೆಂಗಳೂರಿನ ಸಿ.ಎನ್.ಆರ್. ರಾವ್. ಸಂಶೋಧನೆಗೆ ದುಡ್ಡು ಬಂತು, ಒಳ್ಳೇ ಕೆಲಸ ಆಯ್ತು. ನಿಯಮದ ಕೆಲಸ ಹಿಂದೆ ಉಳೀತು. ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳನ್ನ ಹೇಗೆ ಪರೀಕ್ಷೆ ಮಾಡಬೇಕು ಅನ್ನೋ ಮಾರ್ಗಸೂಚಿ ಬಂದದ್ದು 2020ರ ಜುಲೈನಲ್ಲಿ. ಅದು ಮಾರ್ಗಸೂಚಿ, ಕಾಯ್ದೆ ಅಲ್ಲ. ಏಳೇ ತಿಂಗಳಿಗೆ, 2021ರ ಫೆಬ್ರವರಿ 24ರಂದು, ರಸಗೊಬ್ಬರ ನಿಯಂತ್ರಣ ಆದೇಶದಡಿ ನ್ಯಾನೊ ಯೂರಿಯಾಕ್ಕೆ ಮೂರು ವರ್ಷದ ಅಧಿಸೂಚನೆ ಆಯ್ತು.

ಈ ರಸಗೊಬ್ಬರ ನಿಯಂತ್ರಣ ಆದೇಶ 1985ರದ್ದು. ಅದರ ತಾಯಿ ಕಾಯ್ದೆ ಯಾವುದು ಗೊತ್ತಾ? 1955ರ ಅಗತ್ಯ ವಸ್ತುಗಳ ಕಾಯ್ದೆ. ಸಕ್ಕರೆ, ಸೀಮೆಎಣ್ಣೆ ಹಂಚೋಕೆ ಬಂದ ಕಾಯ್ದೆ. ಅದರ ಕಣ್ಣು ಇರೋದು ಬೆಲೆ, ಸರಬರಾಜು, ಕಲಬೆರಕೆ ಮೇಲೆ. ಚೀಲದಲ್ಲಿ ಬರೆದಷ್ಟು ಸಾರಜನಕ ಇದೆಯಾ ಅಂತ ಅದು ಚೆನ್ನಾಗಿ ಕೇಳುತ್ತೆ. ನಮ್ಮ ನೆಲದ ಎರೆಹುಳಕ್ಕೆ, ಕೆರೆ ಮೀನಿಗೆ, ಪಂಪು ಹೊತ್ತವನ ಶ್ವಾಸಕೋಶಕ್ಕೆ ವರ್ಷಗಳ ಮೇಲೆ ಏನಾಗುತ್ತೆ ಅಂತ ಕೇಳೋಕೆ ಅದು ಹುಟ್ಟಿದ್ದೇ ಅಲ್ಲ. ಹೊಸ ಮಗುವನ್ನ ಹಳೇ ತೊಟ್ಟಿಲಲ್ಲಿ ಮಲಗಿಸಿದ ಹಾಗಾಯ್ತು.

ನ್ಯಾಯವಾಗಿ ಎರಡು ಕಡೆಯ ಮಾತೂ ಹೇಳಬೇಕು. ಮಾರ್ಗಸೂಚಿ ಪ್ರಕಾರ ವಿಷದ ಪರೀಕ್ಷೆ ಆಗಿದೆ, 94 ಬೆಳೆಗಳಲ್ಲಿ, ಸುಮಾರು 11,000 ಹೊಲಗಳಲ್ಲಿ ನೋಡಿದ್ದೀವಿ, ಸರಾಸರಿ ಶೇ. 8 ಇಳುವರಿ ಹೆಚ್ಚಿದೆ ಅಂತ ಇಫ್ಕೊ ಮತ್ತು ಸರಕಾರ ಹೇಳ್ತವೆ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಪ್ರಯೋಗ ಮಾಡಿದರು. ಶಿಫಾರಸು ಮಾಡಿದ ಯೂರಿಯಾ ಪೂರ್ತಿ ಹಾಕಿದ್ದಕ್ಕೆ ಹೋಲಿಸಿದರೆ, ಅದನ್ನ ಅರ್ಧ ಮಾಡಿ ನ್ಯಾನೊ ಹೊಡೆದಲ್ಲಿ ಗೋಧಿ ಶೇ. 21.6, ಭತ್ತ ಶೇ. 13 ಕಮ್ಮಿ ಬಂತು ಅಂತ ಅವರ ವರದಿ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳೂ ಈ ಪ್ರಚಾರಕ್ಕೆ ಆಧಾರ ಸಾಲದು ಅಂತ ಬರೆದರು. ಇಫ್ಕೊ ಇದನ್ನ ಒಪ್ಪಿಲ್ಲ. 2024ರಲ್ಲಿ ಶೇ. 20 ಸಾರಜನಕದ ಹೊಸ ಬಾಟ್ಲಿಗೆ ಅಧಿಸೂಚನೆ ಬಂತು. ಅದರ ಲೆಕ್ಕ ಹಾಕಿದರೂ ಅರ್ಧ ಲೀಟರಿಗೆ 100 ಗ್ರಾಂ.

ಈ ಜಗಳ ತೀರೋ ಮೊದಲೇ ಬಾಟ್ಲಿ ಅಂಗಡಿಗೆ ಬಂತು, ಸುಮಾರು ಕಡೆ ಚೀಲದ ಜೊತೆ ಕಟ್ಟಿ ಕೊಡೋದೂ ಶುರುವಾಯ್ತು. ಚೀಲ ಬೇಕಾ, ಬಾಟ್ಲಿನೂ ತಗೋ. ನಮ್ಮ ಕಡೆಯೂ ಒಂದು ಅಂಗಡಿಯಲ್ಲಿ ನಂಗೆ ಹಾಗೇ ಹೇಳಿದರು. 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎಲ್ಲಾ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ನ್ಯಾನೊ ಗೊಬ್ಬರವನ್ನ ಹೀಗೆ ಬಲವಂತವಾಗಿ ಕಟ್ಟಿ ಕೊಡೋದು ನಿಲ್ಲಬೇಕು ಅಂದರು. ಅಂದ್ರೆ ಆ ಕಟ್ಟುವಿಕೆಗೆ ಕಾನೂನಿನ ಬೆಂಬಲ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ನಾನು ನ್ಯಾನೊ ವಿರೋಧಿ ಅಲ್ಲ. ಮುಂದೆ ಒಳ್ಳೇ ನ್ಯಾನೊ ಗೊಬ್ಬರ ಬರಬಹುದು, ಬರಲಿ. ಈ ಇತಿಹಾಸ ಓದಿದ ಮೇಲೆ ನನ್ನ ಬೇಡಿಕೆ ಒಂದೇ. ಹೊಸದು ಅಂತ ಹೇಳಿ ಮಾರೋದಾದರೆ ಹೊಸದರ ಹಾಗೆ ಪರೀಕ್ಷೆ ಮಾಡಿ, ಪರೀಕ್ಷೆಯ ಫಲಿತಾಂಶ ನಮಗೆ ಕನ್ನಡದಲ್ಲಿ ಸಿಗೋ ಹಾಗೆ ಮಾಡಿ. ಗೊಬ್ಬರದ ಕಾನೂನಿನ ಜೊತೆ ಪರಿಸರದ ಕಾನೂನೂ ಇದನ್ನ ನೋಡಲಿ. ಹಳೇದೇ ಅನ್ನೋದಾದರೆ 20 ಗ್ರಾಂಗೆ 20 ಗ್ರಾಂನ ಬೆಲೆ ತಗೊಳ್ಳಿ.

ಅಲ್ಲಿವರೆಗೆ ನಾವು ಮಾಡಬಹುದಾದ್ದು ಇಷ್ಟು. ನ್ಯಾನೊ ಹೊಡೆಯೋರು ಒಂದೆರಡು ಗುಂಟೆ ಹೊಡೆಯದೇ ಬಿಡಿ, ಕಟಾವಿನಲ್ಲಿ ಎರಡನ್ನೂ ಬೇರೆ ತೂಗಿ ಬರೆದಿಡಿ. ಹೊಡೆಯುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಬಿಲ್ ಕೇಳಿ ತಗೊಳ್ಳಿ, ಬಾಟ್ಲಿಯ ಬ್ಯಾಚ್ ನಂಬರ್ ಬರೆದುಕೊಳ್ಳಿ. ಬೇಡದ ಬಾಟ್ಲಿ ಚೀಲದ ಜೊತೆ ಕಟ್ಟಿದರೆ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. ಲೂಸಿ ಡೀನ್ ಬರೆದಿಟ್ಟದ್ದನ್ನ ನೂರು ವರ್ಷ ಆದಮೇಲೂ ಜನ ತೆಗೆದು ಓದಿದರು. ನಮ್ಮ ಹೊಲದ ಲೆಕ್ಕವೂ ಬರೆದಿದ್ದರೆ ಮಾತ್ರ ಸಾಕ್ಷಿ ಆಗುತ್ತೆ.

ನಿಮ್ಮಲ್ಲಿ ಯಾರಾದರೂ ಹಾಗೆ ಬಿಟ್ಟು ತೂಗಿ ನೋಡಿದ್ದರೆ ಬೆಳೆ, ಎಕರೆ, ತೂಕ ಸಮೇತ ಬರೆದು ತಿಳಿಸಿ. ಹೆಚ್ಚು ಬಂದಿದ್ದರೂ ಹೇಳಿ, ಕಮ್ಮಿ ಬಂದಿದ್ದರೂ ಹೇಳಿ.